ಹಾಡು ಆಂಪ್ಲಿಫಯರಿಗೆ, ಹೆಸರು ಟಿವಿಗೆ: ಸ್ಟ್ರೀಮರಿನ ಮಾಹಿತಿಯನ್ನು ಪರದೆಗೆ ತಂದ ಬಗೆ

ಮನೆಯಲ್ಲಿ ಸ್ಟ್ರೀಮರ್, ಅಂದರೆ ಕಡತ ಅಥವಾ ಇಂಟರ್ನೆಟ್‌ನ ಹಾಡನ್ನು ಆಂಪ್ಲಿಫಯರಿಗೆ ಕೊಡುವ ಪೆಟ್ಟಿಗೆ, ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕೊರತೆ ಇದು. ಹಾಡು ಚೆನ್ನಾಗಿ ಕೇಳುತ್ತದೆ. ಆದರೆ ಯಾವ ಹಾಡು, ಹಾಡಿದವರು ಯಾರು ಎಂದು ತಿಳಿಯಲು ಪ್ರತಿ ಸಲವೂ ಫೋನ್ ತೆಗೆಯಬೇಕು. ಎದುರಿಗೇ 43 ಇಂಚಿನ ಟಿವಿ ಸುಮ್ಮನೆ ಕಪ್ಪಗೆ ಕೂತಿರುತ್ತದೆ. ಆ ಪರದೆಯ ಮೇಲೆ ಹಾಡಿನ ಹೆಸರು, ಕಲಾವಿದರು, ಆಲ್ಬಮ್, ಮುಖಚಿತ್ರ ಬರುವಂತೆ ನಾನು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮನೆ ಮಡಿಕೇರಿಯ ಹತ್ತಿರ, ಕಾಫಿ ತೋಟದೊಳಗೆ. ಜಾಗ ಹೇಳುವುದಕ್ಕೆ ಕಾರಣವಿದೆ: ಇಲ್ಲಿನ ಆಯ್ಕೆಗಳಲ್ಲಿ ಅರ್ಧದಷ್ಟು ನಮ್ಮ ಮಳೆ, ಸಿಡಿಲು, ಕರೆಂಟಿನ ಸ್ಥಿತಿ ನೋಡಿಯೇ ಮಾಡಿದವು.

ಸ್ಟ್ರೀಮರ್ ಎಂದರೆ ನನ್ನಲ್ಲಿ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದರ ಮೇಲೆ ಕೂರುವ, ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲಾಗಿಸುವ ಡ್ಯಾಕ್ ಬೋರ್ಡ್, ಒಳಗೆ ಹಾಡು ನುಡಿಸುವ ಸಾಫ್ಟ್‌ವೇರ್ ವೊಲ್ಯುಮಿಯೋ. ಡ್ಯಾಕ್‌ನಿಂದ ಆರ್‌ಸಿಎ ತಂತಿ ಆಂಪ್ಲಿಫಯರಿಗೆ ಹೋಗುತ್ತದೆ. ಆ ಪೈನಲ್ಲೇ ಎಚ್‌ಡಿಎಂಐ ಇದೆಯಲ್ಲ, ಒಂದು ಕೇಬಲ್ ಎಳೆದು ಟಿವಿಗೆ ಸಿಕ್ಕಿಸಿದರೆ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಟಿವಿಗೆ ಸೆಟ್‌ಟಾಪ್ ಬಾಕ್ಸ್ ಸೇರಿರುತ್ತದೆ, ಬಾಕ್ಸಿಗೆ ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್ ಇಳಿದಿರುತ್ತದೆ. ಎಚ್‌ಡಿಎಂಐ ಕೇಬಲಿನ ಲೋಹದ ಹೊರಕವಚ ಈ ಸಾಲನ್ನೆಲ್ಲ ನಿಮ್ಮ ಆಂಪ್ಲಿಫಯರಿನ ಗ್ರೌಂಡಿಗೆ ಜೋಡಿಸಿಬಿಡುತ್ತದೆ. ಎರಡು ಕಡೆಯ ಅರ್ಥಿಂಗ್ ನಡುವೆ ಸುತ್ತು ಏರ್ಪಟ್ಟು ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು ಶುರುವಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯದು. ಹತ್ತಿರದಲ್ಲಿ ಸಿಡಿಲು ಬಡಿದಾಗ ಡಿಶ್ ಕೇಬಲಿನಲ್ಲಿ ನುಗ್ಗಿದ ವಿದ್ಯುತ್ತು ಬಾಕ್ಸ್, ಟಿವಿ, ಎಚ್‌ಡಿಎಂಐ, ಸ್ಟ್ರೀಮರ್, ಡ್ಯಾಕ್, ಆಂಪ್ಲಿಫಯರ್ ಎಂದು ಒಂದೊಂದನ್ನೇ ದಾಟುತ್ತಾ ಹೋಗಲು ನಾವೇ ದಾರಿ ಮಾಡಿಕೊಟ್ಟಂತೆ.

ಹಾಗಾಗಿ ನಾನು ಹಾಕಿಕೊಂಡ ನಿಯಮ ಒಂದೇ: ಟಿವಿಗೂ ಆಂಪ್ಲಿಫಯರಿಗೂ ನಡುವೆ ಸಿಗ್ನಲಿನ ತಾಮ್ರದ ಎಳೆ ಒಂದೂ ಇರಕೂಡದು. ಟಿವಿಗೆ ಬೇರೆಯದೇ ಒಂದು ಪೈ. ಅದು ಸ್ಟ್ರೀಮರಿನಿಂದ ಬರೀ ಅಕ್ಷರ ಮತ್ತು ಚಿತ್ರವನ್ನು ವೈಫೈ ಮೂಲಕ ತರಿಸಿಕೊಳ್ಳುತ್ತದೆ. ಸಂಗೀತ ಅದರ ಹತ್ತಿರವೂ ಸುಳಿಯುವುದಿಲ್ಲ. ಎರಡೂ ಒಂದೇ ಮನೆಯ ಕರೆಂಟಿನಲ್ಲಿ ಇರುವುದರಿಂದ ಅಪಾಯ ಪೂರ್ತಿ ಹೋಗದು, ಗುಡುಗು ಜೋರಾದರೆ ಪ್ಲಗ್ ಕೀಳಲೇಬೇಕು. ಆದರೆ ಗುಂಯ್ ಸದ್ದಿನ ಮಾತೇ ಇಲ್ಲ.

ಟಿವಿ ಬದಿಯ ಪೈಗೆ 2 ಜಿಬಿ ಮೆಮೊರಿಯ ಪೈ 4 ಸಾಕು. ಝೀರೋ 2 ಡಬ್ಲ್ಯೂ ಚಿಕ್ಕದು, ಟಿವಿ ಹಿಂದೆ ಅಡಗುತ್ತದೆ, ನಿಜ. ಆದರೆ ಅದರ 512 ಎಂಬಿಯಲ್ಲಿ ಕ್ರೋಮಿಯಂ ಬ್ರೌಸರ್ ಉಸಿರಾಡುವುದೇ ಕಷ್ಟ. ಪವರ್ ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರಿನದೇ ಆಗಿರಲಿ. ಟಿವಿಯ ಯುಎಸ್‌ಬಿ ಕಿಂಡಿಯಿಂದ ಕರೆಂಟ್ ಕೊಡುವ ಉಪಾಯ ಕೆಲಸಕ್ಕೆ ಬಾರದು, ಯುಎಸ್‌ಬಿ 2 ಕಿಂಡಿ ಲೆಕ್ಕಕ್ಕೆ ಕೊಡುವುದೇ 0.5 ಆಂಪಿಯರ್. ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಮೂಡುತ್ತದೆ; ಅದು ಕಂಡರೆ ಪ್ರೋಗ್ರಾಂ ತಿದ್ದಲು ಕೂರಬೇಡಿ, ಅಡಾಪ್ಟರ್ ಬದಲಿಸಿ. ಪೈ 4ರಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ ಕಿಂಡಿಗಳಿವೆ, ಪವರ್ ಕಿಂಡಿಗೆ ಹತ್ತಿರದ್ದನ್ನೇ ಬಳಸಿ.

ಕರೆಂಟ್ ಹೋಗಿ ಬಂದಾಗ ಟಿವಿ ಆಫ್ ಆಗಿರುತ್ತದೆ, ಪೈ ಮಾತ್ರ ಎದ್ದುಬಿಡುತ್ತದೆ. ಎದುರಿಗೆ ಪರದೆಯೇ ಇಲ್ಲವೆಂದು ತಿಳಿದು ಅದು ಎಚ್‌ಡಿಎಂಐ ಮುಚ್ಚಿಕೊಂಡರೆ ಆಮೇಲೆ ಟಿವಿ ಹಾಕಿದಾಗ ‘ನೋ ಸಿಗ್ನಲ್’. ಇದಕ್ಕೆ ಬೂಟ್ ಫೋಲ್ಡರಿನ ಸಿಎಂಡಿಲೈನ್ ಕಡತದಲ್ಲಿ ಪರದೆಯ ಅಳತೆಯನ್ನು ಬಲವಂತವಾಗಿ ಬರೆದಿಡಬೇಕು: ವಿಡಿಯೋ ಎಂಬ ಪದ, ಸಮ ಚಿಹ್ನೆ, ಎಚ್‌ಡಿಎಂಐ-ಎ-1, ಕೋಲನ್, 1920ಎಕ್ಸ್1080, @60, ಕೊನೆಗೆ ದೊಡ್ಡಕ್ಷರದ ಡಿ, ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಆ ‘ಡಿ’ಯೇ ಟಿವಿ ಇರಲಿ ಬಿಡಲಿ ಸಿಗ್ನಲ್ ಕೊಡು ಎನ್ನುವ ಅಪ್ಪಣೆ. ಆ ಕಡತದಲ್ಲಿ ಇರುವುದು ಒಂದೇ ಸಾಲು. ಹೊಸದನ್ನು ಅದರ ತುದಿಗೆ ಒಂದು ಜಾಗ ಬಿಟ್ಟು ಸೇರಿಸಬೇಕು, ಎಂಟರ್ ಒತ್ತಿ ಎರಡನೇ ಸಾಲು ಮಾಡಕೂಡದು. ಟಿವಿ 4ಕೆ ಆಗಿದ್ದರೂ 1080ರಲ್ಲೇ ಬಿಡಿ, ನಾಲ್ಕು ಪಟ್ಟು ಚುಕ್ಕೆಗಳನ್ನು ಬಿಡಿಸುವ ಕೆಲಸ ಪೈಗೆ ಬೇಡ. ಅಂಚಿನ ಅಕ್ಷರ ಕತ್ತರಿಸಿಹೋಗುತ್ತಿದ್ದರೆ ತಪ್ಪು ಟಿವಿಯದು: ಚಿತ್ರದ ಅಳತೆಯನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ಗೆ ಇಡಿ.

ಇನ್ನು ಮಾಹಿತಿ ತರುವ ಕೆಲಸ. ವೊಲ್ಯುಮಿಯೋ ತನ್ನ ಸ್ಥಿತಿಯನ್ನು ಒಂದು ವಿಳಾಸದಲ್ಲಿ ತೆರೆದಿಟ್ಟಿದೆ: ಸ್ಟ್ರೀಮರಿನ ಐಪಿ (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ), ನಂತರ ಎಪಿಐ, ವಿ1, ಗೆಟ್‌ಸ್ಟೇಟ್, ನಡುವೆ ಓರೆಗೆರೆ. ಬ್ರೌಸರಿನಲ್ಲಿ ತೆರೆದರೆ ಜೇಸನ್ ಎಂಬ, ಪ್ರೋಗ್ರಾಂ ಸುಲಭವಾಗಿ ಓದುವ ಪಠ್ಯ ರೂಪದಲ್ಲಿ ಶೀರ್ಷಿಕೆ, ಕಲಾವಿದ, ಆಲ್ಬಮ್, ಮುಖಚಿತ್ರದ ವಿಳಾಸ, ಹಾಡು ಎಲ್ಲಿಗೆ ಬಂದಿದೆ, ಒಟ್ಟು ಎಷ್ಟು ಉದ್ದ, ಎಲ್ಲ ಸಿಗುತ್ತದೆ. ‘ವೊಲ್ಯುಮಿಯೋ ಡಾಟ್ ಲೋಕಲ್’ ಎಂಬ ಹೆಸರನ್ನು ನಂಬಬೇಡಿ, ಕೆಲವು ರೂಟರುಗಳಲ್ಲಿ ಅದು ಇದ್ದಕ್ಕಿದ್ದಂತೆ ಸಿಗದಾಗುತ್ತದೆ. ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಸ್ಟ್ರೀಮರಿಗೆ ಖಾಯಂ ಐಪಿ ಕಟ್ಟಿಹಾಕಿ. ಎರಡೂ ಪೈಗಳು ಒಂದೇ ನೆಟ್‌ವರ್ಕಿನಲ್ಲಿರಬೇಕು, ಅತಿಥಿಗಳ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಇರುತ್ತದೆ. ಹೋಂಸ್ಟೇಯವರು ಇದನ್ನು ಗಮನಿಸಬೇಕು.

ಟಿವಿ ಬದಿಯ ಪೈನಲ್ಲಿ ಪೈಥಾನ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಎರಡು ಸೆಕೆಂಡಿಗೊಮ್ಮೆ ಆ ವಿಳಾಸ ಓದುತ್ತದೆ, ಅದೇ ಪೈನಿಂದಲೇ ಒಂದು ವೆಬ್‌ಪುಟವನ್ನೂ ಕೊಡುತ್ತದೆ. ಕ್ರೋಮಿಯಂ ಕಿಯೋಸ್ಕ್ ವಿಧಾನದಲ್ಲಿ, ಅಂದರೆ ಪೂರ್ತಿ ಪರದೆಯಲ್ಲಿ, ಆ ಪುಟವನ್ನು ತೋರಿಸುತ್ತದೆ. ಪುಟವನ್ನು ನೇರ ಸ್ಟ್ರೀಮರಿಗೇ ಮಾತಾಡಿಸಬಹುದಿತ್ತು. ನಡುವೆ ಪ್ರೋಗ್ರಾಂ ಇಟ್ಟದ್ದು ಎರಡು ಕಾರಣಕ್ಕೆ. ಬೇರೆ ವಿಳಾಸದಿಂದ ಮಾಹಿತಿ ಎಳೆಯಲು ಹೋದರೆ ಬ್ರೌಸರ್ ತಡೆಯಬಹುದು. ಎರಡನೆಯದು ಮುಖ್ಯ: ಕರೆಂಟ್ ಬಂದಾಗ ಟಿವಿ ಪೈ ಮೊದಲು ಎದ್ದು, ರೂಟರ್ ಆಮೇಲೆ ಎದ್ದರೆ, ಹೊರಗಿನ ವಿಳಾಸವನ್ನು ಹುಡುಕಿದ ಬ್ರೌಸರ್ ‘ಪುಟ ಸಿಗಲಿಲ್ಲ’ ಎಂದು ಹಾಗೇ ನಿಂತುಬಿಡುತ್ತದೆ. ಪುಟ ತನ್ನೊಳಗೇ ಇದ್ದರೆ ಅದು ಸದಾ ತೆರೆಯುತ್ತದೆ, ಸ್ಟ್ರೀಮರ್ ಸಿಗುವವರೆಗೂ ಕೇಳುತ್ತಲೇ ಇರುತ್ತದೆ. ಬ್ರೌಸರನ್ನು ಇನ್‌ಕಾಗ್ನಿಟೊದಲ್ಲಿ ಓಡಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಪ್ರತಿ ಸಲ ‘ಹಳೆಯ ಪುಟಗಳನ್ನು ತೆರೆಯಲೇ’ ಎಂಬ ಚೌಕ ಹಾಡಿನ ಮೇಲೆ ಕೂರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹಾಡು ಎಲ್ಲಿಗೆ ಬಂದಿದೆ ಎಂಬುದನ್ನು ವೊಲ್ಯುಮಿಯೋ ಮಿಲಿಸೆಕೆಂಡಿನಲ್ಲಿ ಕೊಡುತ್ತದೆ, ಹಾಡಿನ ಒಟ್ಟು ಉದ್ದವನ್ನು ಸೆಕೆಂಡಿನಲ್ಲಿ. ಮೊದಲನೆಯದನ್ನು 1000ದಿಂದ ಭಾಗಿಸದೆ ಹೋದರೆ, ಹಾಡು ಎಷ್ಟು ಸಾಗಿದೆ ಎಂದು ತೋರಿಸುವ ಪಟ್ಟಿ ಹಾಡು ಶುರುವಾದ ಕ್ಷಣವೇ ತುಂಬಿಬಿಡುತ್ತದೆ. ಪಟ್ಟಿ ನಯವಾಗಿ ಸರಿಯಲೆಂದು ಪದೇ ಪದೇ ಸ್ಟ್ರೀಮರನ್ನು ಕೇಳುವ ಅಗತ್ಯವಿಲ್ಲ; ಪುಟವೇ ಗಡಿಯಾರ ಎಣಿಸಿ ಸರಿಸಲಿ, ಹೊಸ ಮಾಹಿತಿ ಬಂದಾಗ ತಿದ್ದಿಕೊಳ್ಳಲಿ. ಮುಖಚಿತ್ರದ ವಿಳಾಸ ಕೆಲವೊಮ್ಮೆ ಪೂರ್ತಿ ಇರುತ್ತದೆ, ಕೆಲವೊಮ್ಮೆ ಓರೆಗೆರೆಯಿಂದ ಶುರುವಾಗುತ್ತದೆ. ಎರಡನೆಯದಾದರೆ ಮುಂದೆ ಸ್ಟ್ರೀಮರಿನ ಐಪಿ ಸೇರಿಸಿ. ಆನ್‌ಲೈನ್ ಸೇವೆಗಳ ಚಿತ್ರ ಇಂಟರ್ನೆಟ್‌ನಲ್ಲಿರುತ್ತದೆ. ಮಳೆಗೆ ಲೈನ್ ಹೋದಾಗ ಅದರ ಜಾಗದಲ್ಲಿ ತೋರಿಸಲು ಒಂದು ಚಿತ್ರ ಪೈನಲ್ಲೇ ಇರಲಿ.

ವೊಲ್ಯುಮಿಯೋ ಇಲ್ಲದೆ ಬರೀ ಎಂಪಿಡಿ ಎಂಬ ಹಾಡು ನುಡಿಸುವ ಪ್ರೋಗ್ರಾಂ ಬಳಸುವವರಿಗೆ 6600ನೇ ಪೋರ್ಟ್ ಇದೆ. ಅಲ್ಲಿ ‘ಐಡಲ್ ಪ್ಲೇಯರ್’ ಎಂದು ಹೇಳಿ ಕಾದರೆ ಹಾಡು ಬದಲಾದಾಗ ಅದೇ ಕರೆದು ಹೇಳುತ್ತದೆ, ಆಗ ‘ಕರೆಂಟ್‌ಸಾಂಗ್’ ಮತ್ತು ‘ಸ್ಟೇಟಸ್’ ಕೇಳಿದರಾಯಿತು.

ಪರದೆಯ ಮೇಲಿನ ಅಕ್ಷರದ ವಿಷಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಕೊಡಲೇಬೇಕು. ಪೈನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಂಡೆ. ಗುಬ್ಬಿ, ನವಿಲು ಫಾಂಟುಗಳೂ ಪ್ಯಾಕೇಜಾಗಿ ಸಿಗುತ್ತವೆ. ದಪ್ಪ ಅಕ್ಷರ ಬೇಕಿದ್ದರೆ ಫಾಂಟಿನಲ್ಲೇ ದಪ್ಪನೆಯ ರೂಪ ಇರಬೇಕು. ಇಲ್ಲದಿದ್ದರೆ ಬ್ರೌಸರ್ ಗೆರೆಗಳನ್ನು ತಾನೇ ಉಬ್ಬಿಸಿ ‘ಠ’, ‘ರ’ಗಳ ಹೊಟ್ಟೆ ಮುಚ್ಚಿಹೋಗುವಂತೆ ಮಾಡುತ್ತದೆ. 43 ಇಂಚಿನ ಪರದೆಯ ಎತ್ತರ ಸುಮಾರು 53.5 ಸೆಂಟಿಮೀಟರ್, 1080 ಚುಕ್ಕೆಗೆ ಹಂಚಿದರೆ ಚುಕ್ಕೆಗೆ ಅರ್ಧ ಮಿಲಿಮೀಟರ್. ಹನ್ನೆರಡು ಅಡಿ ದೂರದ ಕುರ್ಚಿಯಿಂದ ಇಂಗ್ಲಿಷ್ ಹೆಸರು 48 ಚುಕ್ಕೆಯ ಅಳತೆಯಲ್ಲಿ ಓದಿಗೆ ಸಿಗುತ್ತದೆ, ಕನ್ನಡಕ್ಕೆ 64 ಬೇಕಾಯಿತು, ಶೀರ್ಷಿಕೆಗೆ 72 ಇಟ್ಟೆ. ನಮ್ಮ ಲಿಪಿಯಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ಸಾಲಿನ ಎತ್ತರ ಇಂಗ್ಲಿಷಿನ ಅಭ್ಯಾಸದಂತೆ 1.2 ಇಟ್ಟರೆ ‘ರಾಷ್ಟ್ರ’ದ ಎರಡನೇ ಒತ್ತು ಕೆಳಗಿನಿಂದ ಕತ್ತರಿಸಿಹೋಗುತ್ತದೆ. 1.6 ಇಡಿ. ಅಕ್ಷರಗಳ ನಡುವೆ ಹೆಚ್ಚಿನ ಜಾಗ ಬಿಡುವ ಆಯ್ಕೆಯನ್ನು ಮುಟ್ಟಲೇಬೇಡಿ.

ಬಣ್ಣ: ಕಪ್ಪು ಹಿನ್ನೆಲೆ, ತಿಳಿ ಬೂದು ಅಕ್ಷರ. ಅಪ್ಪಟ ಬಿಳಿ ರಾತ್ರಿ ಕಣ್ಣಿಗೆ ಹೊಡೆಯುತ್ತದೆ. ಓಎಲ್‌ಇಡಿ ಟಿವಿಯವರು ಐದು ನಿಮಿಷಕ್ಕೊಮ್ಮೆ ಇಡೀ ಚಿತ್ರವನ್ನು ಒಂದಷ್ಟು ಚುಕ್ಕೆ ಅತ್ತಿತ್ತ ಸರಿಸಬೇಕು, ಇಲ್ಲದಿದ್ದರೆ ಒಂದೇ ಜಾಗದ ಗೆರೆ ಪರದೆಯಲ್ಲಿ ಅಚ್ಚಾಗಿ ಉಳಿಯುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಪರದೆಯಲ್ಲಿ ಅರ್ಥವಾಗದ ಅಕ್ಷರ ಬಂದರೆ ಅದು ಟ್ಯಾಗಿನ, ಅಂದರೆ ಕಡತದೊಳಗೇ ಹಾಡಿನ ಹೆಸರು ಬರೆದಿಡುವ ಜಾಗದ, ದೋಷ. ಹಳೆಯ ಎಂಪಿ3ಗಳಲ್ಲಿ ನುಡಿ, ಬರಹದ ಆಸ್ಕಿ ಅಕ್ಷರಗಳಲ್ಲಿ ಹೆಸರು ಬರೆದಿಟ್ಟಿರುತ್ತಾರೆ. ಆ ಫಾಂಟ್ ಇಲ್ಲದೆ ಅವು ವಿಚಿತ್ರ ಲ್ಯಾಟಿನ್ ಅಕ್ಷರಗಳು. ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ತುಂಬಬೇಕು. ಇನ್ನೊಂದು, ಹೆಸರು ನಡುವೆ ಮುರಿದು ಕೊನೆಗೆ ಪ್ರಶ್ನೆಚಿಹ್ನೆ ಬರುವುದು. ಎಂಪಿ3 ಟ್ಯಾಗ್ ಬರೆಯುವ ಐಡಿ3 ಪದ್ಧತಿಯ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗ. ಯೂನಿಕೋಡ್ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕಾವೇರಿ’ ನಮಗೆ ಮೂರಕ್ಷರ, ಆದರೆ ಗುಣಿತ ಸೇರಿ ಆರು ಸಂಕೇತ, 18 ಬೈಟ್. ಎರಡನೇ ಪದ ಪೂರ್ತಿ ಹಿಡಿಸುವುದೇ ಅನುಮಾನ. ಟ್ಯಾಗ್ ತಿದ್ದುವ ಎಂಪಿ3ಟ್ಯಾಗ್ ಅಥವಾ ಕಿಡ್3 ಪ್ರೋಗ್ರಾಂನಲ್ಲಿ ಹಳೆಯ ಟ್ಯಾಗ್ ಅಳಿಸಿ 2.3 ಅಥವಾ 2.4ನೇ ಆವೃತ್ತಿಯನ್ನು ಮಾತ್ರ ಉಳಿಸಿ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲೋ ಮದುವೆಯಲ್ಲೋ ಮನೆಯವರೇ ರೆಕಾರ್ಡ್ ಮಾಡಿದ ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತ ಹಾಡುವ ಹಾಡು), ವಾಲಗ ಸಾಮಾನ್ಯವಾಗಿ ವೇವ್ ಕಡತಗಳಾಗಿರುತ್ತವೆ, ಅವುಗಳಲ್ಲಿ ಟ್ಯಾಗ್ ನೆಟ್ಟಗೆ ನಿಲ್ಲುವುದಿಲ್ಲ. ಫ್ಲ್ಯಾಕ್‌ಗೆ ಬದಲಿಸಿ, ಧ್ವನಿ ಒಂದಿನಿತೂ ಕೆಡದು, ಟ್ಯಾಗ್ ಯಾವಾಗಲೂ ಯುಟಿಎಫ್-8. ಕಲಾವಿದರ ಜಾಗದಲ್ಲಿ ಹಾಡಿದವರ ಹೆಸರು, ಆಲ್ಬಮ್ ಜಾಗದಲ್ಲಿ ಊರು ಮತ್ತು ವರ್ಷ ಬರೆದೆ. ಆ ದಿನದ್ದೇ ಒಂದು ಫೋಟೋವನ್ನು 1000ಕ್ಕೆ 1000 ಚುಕ್ಕೆಗೆ ಕತ್ತರಿಸಿ ಅದೇ ಫೋಲ್ಡರಿನಲ್ಲಿ ‘ಕವರ್’ ಎಂಬ ಹೆಸರಿನ ಜೆಪೆಗ್ ಆಗಿ ಇಟ್ಟೆ. ಟಿವಿಯಲ್ಲಿ ಅಜ್ಜಂದಿರ ಮುಖದ ಪಕ್ಕ ಅವರ ಹೆಸರು ಕನ್ನಡದಲ್ಲಿ ಮೂಡುವುದು ಈ ಕೆಲಸದಲ್ಲಿ ನನಗೆ ಅತಿ ಮೆಚ್ಚಿನ ಭಾಗ.

ಆನ್‌ಲೈನ್ ಸೇವೆಗಳು ಕನ್ನಡ ಹಾಡಿಗೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಹೆಸರನ್ನೇ ಕಳಿಸುತ್ತವೆ. ತಾನಾಗಿ ಕನ್ನಡಕ್ಕೆ ತಿರುಗಿಸುವ ಪ್ರೋಗ್ರಾಂ ಬೇಡ: ತ–ಟ, ನ–ಣ, ಲ–ಳ ಯಾವುದೂ ಇಂಗ್ಲಿಷಿನಿಂದ ತಿಳಿಯದು, ಹಾಡಿದವರ ಹೆಸರು ಕೆಡುತ್ತದೆ. ಪದೇ ಪದೇ ಬರುವ ಕಲಾವಿದರ ಹೆಸರುಗಳನ್ನು ಕೈಯಲ್ಲೇ ಒಂದು ಪಟ್ಟಿ ಮಾಡಿ ಪ್ರೋಗ್ರಾಮಿಗೆ ಕೊಟ್ಟಿದ್ದೇನೆ, ಪಟ್ಟಿಯಲ್ಲಿ ಇಲ್ಲದ್ದು ಬಂದಂತೆಯೇ ಕಾಣಲಿ. ಇಂಟರ್ನೆಟ್ ರೇಡಿಯೋದಲ್ಲಿ ಕಲಾವಿದ, ಹಾಡು ಒಂದೇ ಸಾಲಿನಲ್ಲಿ ಅಡ್ಡಗೆರೆ ಹಾಕಿ ಬರುತ್ತವೆ, ಏನೂ ಬಾರದಿದ್ದರೆ ನಿಲ್ದಾಣದ ಹೆಸರನ್ನೇ ದೊಡ್ಡದಾಗಿ ತೋರಿಸಿ.

ಹಾಡು ಶುರುವಾದಾಗ ಟಿವಿ ತಾನೇ ಹತ್ತಿಕೊಳ್ಳಲು ಎಚ್‌ಡಿಎಂಐನ ಸಿಇಸಿ, ಅಂದರೆ ಅದೇ ಕೇಬಲಿನಲ್ಲಿ ಟಿವಿಗೆ ಅಪ್ಪಣೆ ಕಳಿಸುವ ಸೌಲಭ್ಯ, ಇದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮೊದಲು ಟಿವಿಯ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ. ಸಿಇಸಿ ಹೋಗುವುದು ಕೇಬಲಿನ 13ನೇ ಪಿನ್‌ನಲ್ಲಿ, ಆ ಎಳೆ ಇಲ್ಲದ ಕೇಬಲಿನಲ್ಲಿ ಚಿತ್ರ ಬಂದರೂ ಟಿವಿ ಹತ್ತುವುದಿಲ್ಲ. ಅಪ್ಪಣೆ ಕೊಡುವ ಮೊದಲು ಟಿವಿ ಆಗಲೇ ಆನ್ ಇದೆಯೇ ಎಂದು ಕೇಳಿ ನೋಡಬೇಕು. ಆನ್ ಇದ್ದರೆ ಸುಮ್ಮನಿರಬೇಕು. ಮನೆಯವರು ವಾರ್ತೆ ನೋಡುತ್ತಿರುವಾಗ ಪರದೆ ಕಸಿದುಕೊಳ್ಳುವ ಯಂತ್ರ ಮನೆಯಲ್ಲಿ ಉಳಿಯುವುದಿಲ್ಲ. ಹಾಡು ನಿಂತು ಹತ್ತು ನಿಮಿಷವಾದರೆ ಟಿವಿಯನ್ನು ಸ್ಟ್ಯಾಂಡ್‌ಬೈಗೆ ಕಳಿಸಬೇಕು, ಅದೂ ತಾನೇ ಹತ್ತಿಸಿದ್ದಾದರೆ ಮಾತ್ರ.

ಮರ ಬಿದ್ದು ಲೈನ್ ಹೋಗುವುದು ಜೋರು ಮಳೆಯ ಕಕ್ಕಡದ ತಿಂಗಳಲ್ಲಿ ನಿತ್ಯದ ಮಾತು. ಪೈ ತನ್ನ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ಟಿವಿ ಪೈನಲ್ಲಿ ಉಳಿಸಬೇಕಾದ್ದು ಏನೂ ಇಲ್ಲ, ಆದ್ದರಿಂದ ಪೈನ ಸೆಟ್ಟಿಂಗ್ ಪ್ರೋಗ್ರಾಂ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ: ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಮುಂದೆ ಏನಾದರೂ ತಿದ್ದಬೇಕಾದರೆ ಮೊದಲು ಅದನ್ನು ಆಫ್ ಮಾಡಬೇಕು, ಮರೆತರೆ ತಿದ್ದಿದ್ದೆಲ್ಲ ಮರುಪ್ರಾರಂಭಕ್ಕೆ ಮಾಯ. ಪೈ 4ಕ್ಕೆ ಸ್ವಂತ ಗಡಿಯಾರ ಇಲ್ಲ, ಇಂಟರ್ನೆಟ್ ಇಲ್ಲದಾಗ ಸಮಯ ತಪ್ಪು; ಪರದೆಯಲ್ಲಿ ವೇಳೆ ತೋರಿಸುವ ಆಸೆಯಿದ್ದರೆ ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಹಾಕಿ. ಪೈಯನ್ನು ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಗಾಳಿಯಾಡದ ಜಾಗದಲ್ಲಿ ಮಳೆಗಾಲದ ತೇವಕ್ಕೆ ಪಿನ್‌ಗಳು ಹಸಿರುಗಟ್ಟುತ್ತವೆ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ವೈಫೈ ಚೆನ್ನಾಗಿ ದಾಟುತ್ತದೆ. ಇಲ್ಲಿ ಸಾಗುವುದು ಅಕ್ಷರ ಮತ್ತು ಚಿತ್ರ ಮಾತ್ರ, ಅಷ್ಟು ವೇಗ ಧಾರಾಳ. ಪೈನ ವೈಫೈ ಪವರ್ ಸೇವ್ ಆಫ್ ಮಾಡಿ.

ಎಲ್ಲ ಮುಗಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿ. ರೂಟರ್, ಸ್ಟ್ರೀಮರ್, ಟಿವಿ ಪೈ ಯಾವುದನ್ನೂ ಮುಟ್ಟದೆ ಫೋನಿನಿಂದ ಒಂದು ಹಾಡು ಹಾಕಿ. ಟಿವಿ ತಾನೇ ಹತ್ತಿ ಹೆಸರು ಬರಬೇಕು. ಬಾರದಿದ್ದರೆ ಪೈನ ಪೆಟ್ಟಿಗೆಯ ತಿರುಪು ಬಿಗಿಯಬೇಡಿ.