ಪರಿಣತ ನಾಯಕತ್ವದ ಸಂಶೋಧನೆ: ಅದರ ಪ್ರಭಾವವನ್ನು ನಾನು ದಾಖಲಿಸುವ ಕ್ರಮ

ಒಂದು ಸಂಶೋಧನೆಯ ಪ್ರಭಾವವನ್ನು, ಅಂದರೆ ಅದರಿಂದ ವಿದ್ವತ್ ವಲಯದ ಹೊರಗೆ ಆದ ಬದಲಾವಣೆಯನ್ನು, ದಾಖಲಿಸಲು ಕೂತಾಗ ನಾನು ಮೊದಲು ಬರೆದುಕೊಳ್ಳುವುದು ಅದಕ್ಕೂ ಮುಂಚೆ ಜನ ಏನು ನಂಬಿದ್ದರು ಎಂಬುದನ್ನು. ಸಂಸ್ಥೆಗಳ ನಾಯಕತ್ವವನ್ನು ಅಧ್ಯಯನ ಮಾಡುವ ಸಂಶೋಧಕಿ ಅಮಾಂಡಾ ಗುಡಾಲ್ ಅವರ ಕೆಲಸಕ್ಕೆ ಆ ಹಿನ್ನೆಲೆ ಬ್ರಿಟನ್ನಿನ 1983ರ ಗ್ರಿಫಿತ್ಸ್ ವರದಿಯಲ್ಲಿ ಸಿಗುತ್ತದೆ. ಸೇನ್ಸ್‌ಬರೀಸ್ ಅಂಗಡಿಗಳ ಆಡಳಿತದಲ್ಲಿ ಪಳಗಿದ್ದ ರಾಯ್ ಗ್ರಿಫಿತ್ಸ್, ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಿಗೆ ಜನರಲ್ ಮ್ಯಾನೇಜರ್‌ಗಳು ಬೇಕು ಎಂದರು. ಆಡಳಿತ ಬಲ್ಲವರು ಯಾವ ಸಂಸ್ಥೆಯನ್ನಾದರೂ ನಡೆಸಬಲ್ಲರು ಎಂಬ ನಂಬಿಕೆಗೆ ಬಲ ಬಂತು. ಸಂಸ್ಥೆಯ ಮೂಲ ಕಸುಬನ್ನೇ ಆಳವಾಗಿ ಬಲ್ಲವರು ಮುಖ್ಯಸ್ಥರಾದರೆ ಏನಾಗುತ್ತದೆ ಎಂದು ಗುಡಾಲ್ ಅಂಕಿಅಂಶ ಹಿಡಿದು ಕೇಳಿದರು. ಈ ಆರಂಭಸ್ಥಿತಿ ಕಡತದಲ್ಲಿ ಇಲ್ಲದಿದ್ದರೆ ಆಮೇಲೆ ಆದ ಬದಲಾವಣೆಯನ್ನು ಅಳೆಯಲು ಏನೂ ಉಳಿಯುವುದಿಲ್ಲ.

ನಂತರ ಪ್ರತಿ ಪ್ರಬಂಧಕ್ಕೂ ಎರಡು ಸಾಲು: ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. 2009ರ ಪ್ರಬಂಧ 55 ಸಂಶೋಧನಾ ವಿಶ್ವವಿದ್ಯಾಲಯಗಳನ್ನು ಒಂಬತ್ತು ವರ್ಷಗಳ ಅವಧಿಯಲ್ಲಿ ನೋಡಿತು. ಹೆಸರಾಂತ ವಿದ್ವಾಂಸರು ಕುಲಪತಿಗಳಾದ ಮೇಲೆ ಸಂಶೋಧನೆಯ ಗುಣಮಟ್ಟ ಸುಧಾರಿಸಿದ್ದು ಕಂಡಿತು. ಇಲ್ಲಿ ಕಾಲಕ್ರಮವಿದೆ, ಹಾಗಾಗಿ ವಾದಕ್ಕೆ ಬಲವಿದೆ. 2011ರ ಆಸ್ಪತ್ರೆ ಅಧ್ಯಯನ ಬೇರೆ ಬಗೆಯದು. ಕ್ಯಾನ್ಸರ್, ಜೀರ್ಣಾಂಗ, ಹೃದಯ ಎಂಬ ಮೂರು ವಿಭಾಗಗಳಲ್ಲಿ ಅಮೆರಿಕದ ತಲಾ 100 ಅಗ್ರ ಆಸ್ಪತ್ರೆಗಳನ್ನು ತೆಗೆದುಕೊಂಡು, 300 ಮುಖ್ಯಸ್ಥರ ಹಿನ್ನೆಲೆಯನ್ನು ಒಬ್ಬೊಬ್ಬರಾಗಿ ಹುಡುಕಿದ ಕೆಲಸ ಅದು. ವೈದ್ಯರು ಮುಖ್ಯಸ್ಥರಾಗಿದ್ದಲ್ಲಿ ಗುಣಮಟ್ಟದ ಅಂಕ ಸುಮಾರು 25% ಹೆಚ್ಚಿತ್ತು. ಆದರೆ ಇದು ಒಂದೇ ಕಾಲಘಟ್ಟದ ಚಿತ್ರ. ಒಳ್ಳೆಯ ಆಸ್ಪತ್ರೆಗಳೇ ವೈದ್ಯರನ್ನು ಮುಖ್ಯಸ್ಥರನ್ನಾಗಿ ಆರಿಸಿಕೊಂಡಿರಬಹುದು; ಸಾಧಾರಣ ಆಸ್ಪತ್ರೆಗಳು ಲೆಕ್ಕದಲ್ಲೇ ಇಲ್ಲ. ಇದರಿಂದ ಕಾರಣ ಸಾಬೀತಾಗುವುದಿಲ್ಲ ಎಂದು ಲೇಖಕಿಯೇ ಸಾರಾಂಶದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕೈಯಿಂದ ಕೈಗೆ ದಾಟುವಾಗ ಈ ಎಚ್ಚರಿಕೆ ಕಳಚಿ 25% ಮಾತ್ರ ಉಳಿಯುತ್ತದೆ. ಆದ್ದರಿಂದ ಕರಡಿನಲ್ಲಿ ‘ವೈದ್ಯರು ಬಂದರೆ ಗುಣಮಟ್ಟ ಏರುತ್ತದೆ’ ಎಂದಿದ್ದರೆ ‘ವೈದ್ಯರಿದ್ದಲ್ಲಿ ಗುಣಮಟ್ಟ ಹೆಚ್ಚಿದ್ದದ್ದು ಕಂಡುಬಂದಿದೆ’ ಎಂದು ತಿದ್ದುತ್ತೇನೆ.

ಗನ್ನಾ ಪೊಗ್ರೆಬ್ನಾ ಅವರೊಡನೆ ಮಾಡಿದ ಫಾರ್ಮುಲಾ ಒನ್ ಅಧ್ಯಯನ (1950ರಿಂದ 2011ರವರೆಗಿನ ರೇಸ್‌ಗಳು; ಮಾಜಿ ಚಾಲಕರು ಮುನ್ನಡೆಸಿದ ತಂಡಗಳು ಮುಂದಿದ್ದವು) ಓದಲು ರೋಚಕ. ಅದನ್ನು ಸಿದ್ಧಾಂತಕ್ಕೆ ಆಧಾರವಾಗಿ ಇಡುತ್ತೇನೆಯೇ ಹೊರತು ಆಸ್ಪತ್ರೆಯ ಕಡತದಲ್ಲಿ ಪುರಾವೆಯಾಗಿ ಬಳಸುವುದಿಲ್ಲ.

ಇನ್ನು ಸಂಶೋಧನೆ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಜಾಡು ಹಿಡಿಯುವುದು. ಡಿಒಐ (ಪ್ರಬಂಧದ ಡಿಜಿಟಲ್ ಗುರುತು ಸಂಖ್ಯೆ) ಒಂದರಿಂದಲೇ ಹುಡುಕಿದರೆ ಬಹಳಷ್ಟು ತಪ್ಪಿಹೋಗುತ್ತದೆ, ಏಕೆಂದರೆ ಸರ್ಕಾರಿ ವರದಿಗಳ ಅಡಿಟಿಪ್ಪಣಿಗಳು ಅಷ್ಟು ಶಿಸ್ತಿನವಲ್ಲ. ಓವರ್‌ಟನ್‌ನಂಥ ನೀತಿದಾಖಲೆಗಳ ಸಂಗ್ರಹದಲ್ಲಿ ಶೀರ್ಷಿಕೆಯ ತುಣುಕು, ಅಡ್ಡಹೆಸರಿನ ಜೊತೆಗೆ ವರ್ಷ, ಪ್ರಸಿದ್ಧವಾದ ಅಂಕಿ, ಹೀಗೆ ಬೇರೆ ಬೇರೆ ಎಳೆಗಳಿಂದ ಹುಡುಕಬೇಕು. ಸಿಕ್ಕಿದ್ದನ್ನೆಲ್ಲ ಆ ಪುಟ ತೆರೆದು ಓದಲೇಬೇಕು. ಅಲಂಕಾರಕ್ಕೆ ಹಾಕಿದ ಉಲ್ಲೇಖ, ವಾದಕ್ಕೆ ಒತ್ತಾಸೆಯಾದ ಉಲ್ಲೇಖ, ತೀರ್ಮಾನಕ್ಕೆ ಬುನಾದಿಯಾದ ಉಲ್ಲೇಖ ಎಂದು ವಿಂಗಡಿಸಿದರೆ ಮೂರನೆಯ ರಾಶಿ ಬಹಳ ಚಿಕ್ಕದು. ನನಗೆ ಬೇಕಾದದ್ದು ಅದೇ: ನೇಮಕಾತಿಯ ಅರ್ಹತಾ ಪಟ್ಟಿ ಬದಲಾದದ್ದು, ವೈದ್ಯರಿಗೆ ನಾಯಕತ್ವದ ತರಬೇತಿ ಶುರುವಾದದ್ದು. ನೇಮಕಾತಿ ಜಾಹೀರಾತು ಕೊನೆಯ ದಿನ ಕಳೆದರೆ ಮಾಯವಾಗುತ್ತದೆ. ಕಂಡ ಕೂಡಲೇ ದಿನಾಂಕ ಸಹಿತ ಪಿಡಿಎಫ್ ಮಾಡಿಟ್ಟುಕೊಳ್ಳಿ. ಪತ್ರಿಕೆಗಳಲ್ಲಿ ಬಂದ ಲೇಖನ, ಭಾಷಣ, ಡೌನ್‌ಲೋಡ್ ಲೆಕ್ಕ ಇವು ಪ್ರಭಾವ ಸಾಗಿದ ದಾರಿ ಮಾತ್ರ, ಅವಕ್ಕೆ ಬೇರೆ ಕಾಲಂ ಇರಲಿ.

ಸಂಶೋಧನೆಯನ್ನು ಬಳಸಿಕೊಂಡವರು ಕೊಡಬೇಕಾದ ದೃಢೀಕರಣ ಪತ್ರವನ್ನು ನಾವೇ ಬರೆದು ಸಹಿಗೆ ಕಳಿಸಿದರೆ ಎಲ್ಲ ಪತ್ರಗಳೂ ಒಂದೇ ದನಿಯಲ್ಲಿ ಮಾತಾಡುತ್ತವೆ, ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಬದಲಿಗೆ ಪ್ರಶ್ನೆಗಳನ್ನು ಕಳಿಸುತ್ತೇನೆ: ಯಾವ ಪ್ರಬಂಧ, ಯಾವ ಸಭೆಯಲ್ಲಿ, ಏನು ಬದಲಾಯಿತು, ಬೇರೆ ಯಾವ ಒತ್ತಡಗಳಿದ್ದವು? ಕೊನೆಯ ಪ್ರಶ್ನೆ ಬಿಡಬಾರದು. ಬ್ರಿಟನ್ನಿನಲ್ಲಿ ವೈದ್ಯಕೀಯ ನಾಯಕತ್ವಕ್ಕೆಂದೇ ಫ್ಯಾಕಲ್ಟಿ ಆಫ್ ಮೆಡಿಕಲ್ ಲೀಡರ್‌ಶಿಪ್ ಆ್ಯಂಡ್ ಮ್ಯಾನೇಜ್‌ಮೆಂಟ್ 2011ರಲ್ಲೇ ಹುಟ್ಟಿತ್ತು. ವೈದ್ಯರು ಮುಂದೆ ಬರಬೇಕೆಂಬ ಕೂಗು ಒಬ್ಬರದ್ದಲ್ಲ. ಈ ಸಂಶೋಧನೆ ಆ ಕೂಗಿಗೆ ಅಂಕಿಅಂಶದ ಬಲ ಕೊಟ್ಟಿತು ಎಂದು ಬರೆದರೆ ಅದು ನಿಲ್ಲುತ್ತದೆ.

ನಮೂನೆಗೆ ನಾನು ಅನುಸರಿಸುವುದು ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ಮೌಲ್ಯಮಾಪನವಾದ ಆರ್‌ಇಎಫ್‌ನ 2021ರ ಸುತ್ತನ್ನು, ಅಲ್ಲಿ ಪ್ರಭಾವಕ್ಕೆ 25% ತೂಕವಿತ್ತು (2014ರಲ್ಲಿ 20%). ಒಟ್ಟು ಐದು ಪುಟ: ಸಾರಾಂಶಕ್ಕೆ ಸುಮಾರು 100 ಪದ, ಸಂಶೋಧನೆಗೆ 500, ಪ್ರಭಾವದ ವಿವರಕ್ಕೆ 750, ಆರು ಪ್ರಬಂಧ, ಹತ್ತು ದೃಢೀಕರಣ ಮೂಲಗಳು ಮೀರಬಾರದು. ಪ್ರಭಾವ 2013ರ ಆಗಸ್ಟ್ 1ರಿಂದ 2020ರ ಜುಲೈ 31ರೊಳಗೆ (ಕೋವಿಡ್‌ನಿಂದ ತೊಂದರೆಯಾಗಿದ್ದರೆ ಡಿಸೆಂಬರ್ 31ರೊಳಗೆ) ಕಾಣಿಸಿಕೊಂಡಿರಬೇಕಿತ್ತು. ಹಲವರು ಎಡವುವ ನಿಯಮ ಇನ್ನೊಂದಿದೆ: ಪ್ರಭಾವದ ಹಕ್ಕು ಸಂಶೋಧನೆ ನಡೆದ ಸಂಸ್ಥೆಯದು, ವಿದ್ವಾಂಸರ ಜೊತೆ ವರ್ಗವಾಗುವುದಿಲ್ಲ. ಗುಡಾಲ್ ವಾರಿಕ್ ವಿಶ್ವವಿದ್ಯಾಲಯದಿಂದ ಲಂಡನ್ನಿನ ಕ್ಯಾಸ್ ಬಿಸಿನೆಸ್ ಸ್ಕೂಲ್‌ಗೆ (2021ರಿಂದ ಅದರ ಹೆಸರು ಬೇಯಸ್) ಬಂದವರು. ಹಾಗಾಗಿ ಯಾವ ಪ್ರಬಂಧ ಎಲ್ಲಿದ್ದಾಗ ಆದದ್ದು ಎಂಬ ಕಾಲಂ ಅನ್ನು ಬರವಣಿಗೆಗೆ ಮೊದಲೇ ತುಂಬಿಸುತ್ತೇನೆ.