ಪಟಗೋನಿಯಾದ ಹಿತ್ತಲಿನಲ್ಲಿ ಒಂದು ಬೆಳಗು

ನಾನು ಬೀರೂರಿನ ಕಡೆಯವನು. ಅಮೃತ್ ಮಹಲ್ ಕಾವಲಿನ ಅಂಚಿನಲ್ಲಿ ಬೆಳೆದವನು. ದನ ಮೇಯುವ ಬಯಲನ್ನು ಕಂಡರೆ ಕಣ್ಣು ಈಗಲೂ ತಾನಾಗಿ ಹಕ್ಕಿ ಹುಡುಕುತ್ತದೆ. ಕೆಲಸದ ಮೇಲೆ ಅಮೆರಿಕದ ಫೀನಿಕ್ಸ್‌ಗೆ ಬಂದ ಮೇಲೆ ಅಂಥದೊಂದು ಜಾಗ ಬೇಕೆನಿಸಿ ಹುಡುಕಿದಾಗ ಸಿಕ್ಕಿದ್ದು ಅರಿಜೋನಾ ರಾಜ್ಯದ ದಕ್ಷಿಣ ತುದಿಯ ಪಟಗೋನಿಯಾ. ಸುಮಾರು 4,000 ಅಡಿ ಎತ್ತರದಲ್ಲಿರುವ, ಸಾವಿರ ಜನರೂ ಇಲ್ಲದ ಊರು. ಮೆಕ್ಸಿಕೊ ಗಡಿಯ ನೊಗಾಲೆಸ್ ಅಲ್ಲಿಂದ ಸುಮಾರು 30 ಕಿ.ಮೀ.

ಮೊದಲ ಸಲ ಜೂನ್‌ನಲ್ಲಿ ಹೋಗಿ ತಪ್ಪು ಮಾಡಿದೆ. ಮನೆಯಲ್ಲಿ ತಿಂಡಿ ಮುಗಿಸಿ ಹೊರಟು, ಮೂರು ಗಂಟೆ ಕಾರು ಓಡಿಸಿ ತಲುಪಿದಾಗ ಹನ್ನೊಂದಾಗಿತ್ತು. ಸುಡುವ ಬಿಸಿಲಿಗೆ ಹಕ್ಕಿಗಳೆಲ್ಲ ನೆರಳು ಸೇರಿದ್ದವು. ಎರಡನೇ ಸಲ ಆಗಸ್ಟ್ ಕೊನೆಯ ವಾರವನ್ನು ಆರಿಸಿಕೊಂಡೆ. ಅಲ್ಲಿಯೂ ಮುಂಗಾರು ಉಂಟು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆಗೆ ಒಣಗಿದ ಹುಲ್ಲು ಚಿಗುರುತ್ತದೆ, ದಕ್ಷಿಣಕ್ಕೆ ವಲಸೆ ಹೊರಟ ಹಮ್ಮಿಂಗ್‌ಬರ್ಡ್‌ಗಳೂ ಬಂದು ಸೇರುತ್ತವೆ. ಈ ಬಾರಿ ಹಿಂದಿನ ಸಂಜೆಯೇ ಹೋಗಿ ಉಳಿದುಕೊಂಡೆ.

ಟೂಸಾನ್ ದಾಟಿ 83ನೇ ಹೆದ್ದಾರಿ ಹಿಡಿದು ಸೊನೊಯ್ಟಾ ತಲುಪಿದರೆ ಇಬ್ಬದಿಗೂ ದನ ಸಾಕುವ ರ‍್ಯಾಂಚ್‌ಗಳ ಹುಲ್ಲುಗಾವಲು. ಅಲ್ಲಿಂದ 82ನೇ ಹೆದ್ದಾರಿಯಲ್ಲಿ ಇಳಿದರೆ ಊರು. ಈ ಕಣಿವೆಯ ದನಗಳನ್ನೂ ಗಣಿಯ ಅದಿರನ್ನೂ ಹೊತ್ತ ರೈಲು 1882ರಿಂದ ಇಲ್ಲಿ ಓಡುತ್ತಿತ್ತು, 1962ರಲ್ಲಿ ನಿಂತುಹೋಯಿತು. ಹಳಿಗಳಿದ್ದ ಜಾಗ ಈಗ ಊರ ನಡುವಿನ ಉದ್ದನೆಯ ಉದ್ಯಾನ. 1900ರಲ್ಲಿ ಕಟ್ಟಿದ ನಿಲ್ದಾಣದ ಕಟ್ಟಡದಲ್ಲಿ ಊರಿನ ಆಡಳಿತ ಕಚೇರಿ ಇದೆ.

ಬೆಳಿಗ್ಗೆ ಆರಕ್ಕೆ ಪೇಟನ್ ದಂಪತಿಯ ಹಿತ್ತಲಿಗೆ ಹೋದೆ. ವಾಲಿ ಮತ್ತು ಮೇರಿಯನ್ ಪೇಟನ್ 1970ರ ದಶಕದಲ್ಲಿ ಈ ಮನೆಗೆ ಬಂದು, ಹಕ್ಕಿಗಳಿಗೆ ಸಕ್ಕರೆ ನೀರು ತೂಗುಹಾಕಿ, ಹಿತ್ತಲನ್ನು ಗುರುತು ಪರಿಚಯವಿಲ್ಲದವರಿಗೂ ತೆರೆದಿಟ್ಟರು. ಬಂದವರು ಸಕ್ಕರೆಗೆಂದು ಡಬ್ಬಿಗೆ ಕಾಸು ಹಾಕಿ ಹೋಗುತ್ತಿದ್ದರು. ಮೇರಿಯನ್ 2009ರಲ್ಲಿ ತೀರಿಕೊಂಡ ನಂತರವೂ ಹಿತ್ತಲು ಮುಚ್ಚಲಿಲ್ಲ. 2014ರಿಂದ ಟೂಸಾನ್ ಆಡುಬಾನ್ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ನಡೆಸುತ್ತಿದೆ; 2024ರಿಂದ ಆ ಸಂಸ್ಥೆಯ ಹೆಸರು ಟೂಸಾನ್ ಬರ್ಡ್ ಅಲಯನ್ಸ್. ಇಷ್ಟು ದೊಡ್ಡ ಮನಸ್ಸಿನ ಹಿತ್ತಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲೆದಾಡದೆ ಒಂದೇ ಬೆಂಚಿನಲ್ಲಿ ಎರಡು ಗಂಟೆ ಕುಳಿತೆ. ತಾಮ್ರದ ಬಣ್ಣದ ರೂಫಸ್ ಹಮ್ಮಿಂಗ್‌ಬರ್ಡ್ ಒಂದು ಸಕ್ಕರೆ ನೀರಿನ ಒಂದು ಬಟ್ಟಲನ್ನು ತನ್ನದೆಂದು ಹಿಡಿದುಕೊಂಡು, ಬಂದವರನ್ನೆಲ್ಲ ಅಟ್ಟುತ್ತಿತ್ತು. ಆರೂ ಮುಕ್ಕಾಲರ ಹೊತ್ತಿಗೆ, ನಾನು ಕಾಯುತ್ತಿದ್ದ ಹಕ್ಕಿ ಬಂದಿತು: ವಯಲೆಟ್ ಕ್ರೌನ್ಡ್ ಹಮ್ಮಿಂಗ್‌ಬರ್ಡ್. ಅಮೆರಿಕದಲ್ಲಿ ಇದನ್ನು ನೋಡಬೇಕೆಂದರೆ ಜನ ಮೊದಲು ಹೆಸರಿಸುವುದು ಈ ಹಿತ್ತಲನ್ನೇ. ನೆರಳಿನಲ್ಲಿದ್ದಾಗ ನೆತ್ತಿ ಬರೀ ಕಪ್ಪಾಗಿ ಕಂಡಿತು. ಹಕ್ಕಿ ಒಂದಿಷ್ಟು ತಲೆ ತಿರುಗಿಸಿತು, ಎಳೆಬಿಸಿಲು ತಾಗಿತು, ನೆತ್ತಿಗೆ ನೇರಳೆ ಬಣ್ಣ ಏರಿತು. ಕೆಂಪು ಕೊಕ್ಕು, ಗಂಟಲಿನಿಂದ ಹೊಟ್ಟೆಯವರೆಗೆ ಒಗೆದ ಬಟ್ಟೆಯಂಥ ಬಿಳುಪು. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಟೊಂಗೆ ಹಿಡಿದು ಕುಳಿತೇ ಮಕರಂದ ಹೀರುತ್ತದೆ. ಇದು ಗಾಳಿಯಲ್ಲೇ ನಿಂತು ಕುಡಿದು, ಮುಖ ತಿರುಗಿಸದೆ ಹಿಂದಕ್ಕೆ ಹಾರಿತು. ದುರ್ಬೀನು ಕೈಯಲ್ಲಿದ್ದುದೇ ನನಗೆ ಮರೆತುಹೋಗಿತ್ತು.

ಬಿಸಿಲೇರುವ ಮೊದಲು ಸೊನೊಯ್ಟಾ ತೊರೆಯ ರಕ್ಷಿತ ತಾಣಕ್ಕೆ ಹೋದೆ. ನೇಚರ್ ಕನ್ಸರ್ವೆನ್ಸಿ ಎಂಬ ನಿಸರ್ಗ ಸಂರಕ್ಷಣಾ ಸಂಸ್ಥೆ ಅರಿಜೋನಾದಲ್ಲಿ 1966ರಲ್ಲಿ ಕೈಗೆತ್ತಿಕೊಂಡ ಮೊದಲ ತಾಣ ಇದು. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲವಾದ್ದರಿಂದ ದಿನ ನೋಡಿಕೊಂಡೇ ಹೋಗಬೇಕು. ತೊರೆಯ ದಂಡೆಯಲ್ಲಿ ಮುದಿ ಕಾಟನ್‌ವುಡ್ ಮರಗಳಿವೆ. ದನಗಳಿಗೆ ಇದರ ಎಳೆಯ ಸಸಿ ಬಹಳ ಇಷ್ಟ. ದಂಡೆಗೆ ಬಿಟ್ಟರೆ ಹಳೆಯ ಮರಗಳಷ್ಟೇ ಉಳಿದು ಹೊಸವು ಏಳುವುದೇ ಇಲ್ಲ. ಬೂದು ಗಿಡುಗ ಗೂಡು ಕಟ್ಟುವುದು ಇಂಥ ಮರಗಳಲ್ಲೇ. ದನಗಳ ಮೇಲೆ ಪ್ರೀತಿ ಇಟ್ಟುಕೊಂಡೇ ಹೇಳುತ್ತೇನೆ, ತೊರೆಗೆ ಬೇಲಿ ಬೇಕು. ನಮ್ಮ ಕಾವಲಿನ ಹಳ್ಳಗಳ ದಂಡೆ ಬೋಳಾದುದನ್ನು ನೋಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮರಳುವಾಗ 82ನೇ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದಲ್ಲಿ ನಿಂತು ಬುತ್ತಿ ಬಿಚ್ಚಿದೆ. ಒಂದು ಅಪರೂಪದ ಹಕ್ಕಿಯನ್ನು ನೋಡಲು ಬಂದವರು ಇಲ್ಲಿ ಇನ್ನೊಂದನ್ನು ಕಂಡು, ಅದನ್ನು ನೋಡಲು ಬಂದವರು ಮತ್ತೊಂದನ್ನು ಕಂಡು, ಈ ಬಗೆಯ ಸರಪಳಿಗೆ ‘ಪಟಗೋನಿಯಾ ಪಿಕ್ನಿಕ್ ಟೇಬಲ್ ಪರಿಣಾಮ’ ಎಂದೇ ಹೆಸರು ಬಿದ್ದಿದೆ. ಚಿತ್ರಾನ್ನದ ಡಬ್ಬಿ ಮುಚ್ಚುವಷ್ಟರಲ್ಲಿ ಎದುರಿನ ಮರದ ತುದಿಯಿಂದ ದಪ್ಪ ಕೊಕ್ಕಿನ ಕಿಂಗ್‌ಬರ್ಡ್ ಒಂದು ಹಾರಿ, ಹುಳ ಹಿಡಿದು, ಅದೇ ಟೊಂಗೆಗೆ ಮರಳಿತು. ಇನ್ನೊಂದು ಅರ್ಧ ಗಂಟೆ ಅಲ್ಲೇ ಕುಳಿತೆ.