ಮನೆಯೊಳಗಿನ ಕುಂಡಗಳಲ್ಲಿ ಬೇರುಕೀಟ: ಗುರುತಿಸುವುದು ಹೇಗೆ, ನಿವಾರಿಸುವುದು ಹೇಗೆ

ಮನೆಯೊಳಗೆ ಬೆಳೆಸಿದ ಗಿಡದ ಎಲೆ ಹಳದಿಯಾದರೆ ಹೆಚ್ಚಿನವರು ಗೊಬ್ಬರ ಹಾಕುತ್ತಾರೆ. ಮಣ್ಣು ಹಸಿಯಾಗಿದ್ದರೂ ಗಿಡ ಬಾಡಿದಂತೆ ಕಂಡರೆ ಇನ್ನಷ್ಟು ನೀರು ಹಾಕುತ್ತಾರೆ. ಬೇರಿಗೆ ಕೀಟ ತಗುಲಿದ ಗಿಡಕ್ಕೆ ಈ ಎರಡೂ ಉಪಚಾರಗಳು ಹಾನಿಯನ್ನೇ ಹೆಚ್ಚಿಸುತ್ತವೆ. ಕೀಟ ತಿಂದ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು, ಹಾಗೆ ಉಳಿದ ನೀರು ಕುಂಡದಲ್ಲೇ ನಿಂತು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ, ಕೊಳೆರೋಗ ಅಲ್ಲಿಂದ ಶುರುವಾಗುತ್ತದೆ. ಹಸಿ ಮಣ್ಣಿನಲ್ಲಿ ನಿಂತು ಬಾಡುತ್ತಿರುವ ಗಿಡವನ್ನು ಕಂಡರೆ ಔಷಧ ಹುಡುಕುವ ಮೊದಲು ಅದನ್ನು ಕುಂಡದಿಂದ ಹೊರತೆಗೆದು ಬೇರನ್ನು ನೋಡಬೇಕು. ಯಾವ ಕೀಟವೆಂದು ತಿಳಿಯದೆ ಸುರಿದ ಔಷಧ ಬಹುತೇಕ ವ್ಯರ್ಥವಾಗುತ್ತದೆ.

ಗಿಡವನ್ನು ಹೊರತೆಗೆಯಲು ಅನೇಕರು ಹೆದರುತ್ತಾರೆ, ಆದರೆ ಹೆದರುವ ಅಗತ್ಯವಿಲ್ಲ. ಒಂದು ಅಂಗೈಯನ್ನು ಮಣ್ಣಿನ ಮೇಲೆ ಹರಡಿ, ಕಾಂಡ ಎರಡು ಬೆರಳುಗಳ ನಡುವೆ ಬರುವಂತೆ ಹಿಡಿದು, ಕುಂಡವನ್ನು ಬೋರಲಾಗಿಸಿ ಅದರ ಅಂಚನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಬೇರಿನ ಮುದ್ದೆ ಇಡಿಯಾಗಿ ಕೈಗೆ ಬರುತ್ತದೆ. ಅದನ್ನು ಬಿಳಿ ಕಾಗದದ ಮೇಲೆ ಇರಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿಯಿಂದ ಸುತ್ತಲೂ ನೋಡಬೇಕು. ಕುಂಡದ ಒಳಗೋಡೆಯನ್ನೂ ತಳದ ರಂಧ್ರಗಳನ್ನೂ ಮರೆಯಬಾರದು. ಆರೋಗ್ಯವಂತ ಬೇರು ಸಾಮಾನ್ಯವಾಗಿ ಬಿಳಿಯಾಗಿಯೋ ಕೆನೆಬಣ್ಣದಲ್ಲಿಯೋ ಇದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿರುತ್ತದೆ, ಎಳೆದರೆ ಹೊರಸಿಪ್ಪೆ ಕಳಚಿ ನಡುವಿನ ದಾರ ಮಾತ್ರ ಉಳಿಯುತ್ತದೆ.

ಒಳಾಂಗಣದಲ್ಲಿ ಅತಿ ಹೆಚ್ಚು ಕಾಣಿಸುವುದು ಶಿಲೀಂಧ್ರ ನೊಣ. ಎರಡು ಮೂರು ಮಿಲಿಮೀಟರ್ ಉದ್ದದ, ಸೊಳ್ಳೆಯಂಥ ಕಪ್ಪು ನೊಣಗಳು ನೀರು ಹಾಕುವಾಗ ಮಣ್ಣಿನಿಂದ ಎದ್ದು ಹಾರಾಡುತ್ತವೆ. ಹಾರುವ ನೊಣ ಗಿಡವನ್ನು ತಿನ್ನುವುದಿಲ್ಲ. ಹಾನಿ ಮಾಡುವುದು ಮೇಲ್ಮಣ್ಣಿನ ಕೆಲವು ಸೆಂಟಿಮೀಟರ್ ಆಳದಲ್ಲಿರುವ ಅದರ ಮರಿಹುಳು: ಮೈ ಪಾರದರ್ಶಕ, ತಲೆ ಮಾತ್ರ ಹೊಳೆಯುವ ಕಪ್ಪು. ಅದು ಮುಖ್ಯವಾಗಿ ಶಿಲೀಂಧ್ರ ಮತ್ತು ಕೊಳೆತ ಪದಾರ್ಥವನ್ನು ತಿನ್ನುತ್ತದೆಯಾದರೂ ಸಂಖ್ಯೆ ಹೆಚ್ಚಿದಾಗ ಎಳೆಯ ಬೇರಿಗೂ ಬಾಯಿ ಹಾಕುತ್ತದೆ. ಸಸಿಗಳಿಗೂ ಆಗತಾನೆ ಬೇರು ಬಿಟ್ಟ ತುಂಡುಗಳಿಗೂ ಇದರಿಂದ ದೊಡ್ಡ ಅಪಾಯವಿದೆ. ಇದನ್ನು ಖಚಿತಪಡಿಸಿಕೊಳ್ಳಲು ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿಗೆ ಒತ್ತಿ ಇಟ್ಟು, ಮೂರು ನಾಲ್ಕು ದಿನಗಳ ಬಳಿಕ ತಿರುಗಿಸಿ ನೋಡಿದರೆ ಸಾಕು. ಹುಳುಗಳಿದ್ದರೆ ಬಿಲ್ಲೆಯ ಅಡಿಯಲ್ಲಿ ಒದ್ದೆ ದಾರದ ಚೂರುಗಳಂತೆ ಹೊರಳಾಡುತ್ತಿರುತ್ತವೆ.

ಈ ನೊಣವನ್ನು ಸೋಲಿಸುವ ಮುಖ್ಯ ಉಪಾಯ ಮೇಲ್ಮಣ್ಣನ್ನು ಒಣಗಿಸುವುದು. ಗಿಡ ತಾಳಿಕೊಳ್ಳುವಷ್ಟರ ಮಟ್ಟಿಗೆ ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಒಣಗಿದ ಮೇಲೆಯೇ ನೀರು ಕೊಡಬೇಕು, ಸಾಧ್ಯವಾದರೆ ತಟ್ಟೆಯಲ್ಲಿ ನೀರಿಟ್ಟು ತಳದಿಂದ ಹೀರಿಸಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು. ಹಳದಿ ಅಂಟುಪಟ್ಟಿಯನ್ನು ಮಣ್ಣಿನ ಮಟ್ಟಕ್ಕೆ ಹತ್ತಿರವಾಗಿ ಇಟ್ಟರೆ ಹಾರುವ ನೊಣಗಳು ಅಂಟಿಕೊಳ್ಳುತ್ತವೆ. ಇದರಿಂದ ಸಂಖ್ಯೆ ಸ್ವಲ್ಪ ತಗ್ಗುತ್ತದೆ ನಿಜ, ಆದರೆ ಪಟ್ಟಿಯ ನಿಜವಾದ ಪ್ರಯೋಜನ ಲೆಕ್ಕ ಇಡುವುದರಲ್ಲಿದೆ. ಮರಿಹುಳುಗಳಿಗೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಇಸ್ರೇಲೆನ್ಸಿಸ್ ಉಪಜಾತಿ ಅತ್ಯಂತ ಯೋಗ್ಯ. 1976ರಲ್ಲಿ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ಇದು ಸೊಳ್ಳೆ ಮರಿಗಳ ನಿಯಂತ್ರಣಕ್ಕೂ ಬಳಕೆಯಲ್ಲಿದೆ. ಕೊಳ್ಳುವಾಗ ಉಪಜಾತಿಯ ಹೆಸರನ್ನು ಓದಲೇಬೇಕು, ಏಕೆಂದರೆ ಎಲೆ ತಿನ್ನುವ ಕಂಬಳಿಹುಳುಗಳಿಗಾಗಿ ಮಾರುವ ಕುರ್ಸ್ಟಾಕಿ ಉಪಜಾತಿಯಿಂದ ಈ ನೊಣಕ್ಕೆ ಏನೂ ಆಗುವುದಿಲ್ಲ. ಮರಿಹುಳು ತಿಂದಾಗ ಮಾತ್ರ ಇದು ಕೆಲಸ ಮಾಡುವುದರಿಂದ ಮೊಟ್ಟೆ, ಕೋಶ ಮತ್ತು ನೊಣ ಬದುಕಿಕೊಳ್ಳುತ್ತವೆ. ಮೊಟ್ಟೆಯಿಂದ ನೊಣವಾಗಲು ಬೆಚ್ಚನೆಯ ಕೋಣೆಯಲ್ಲಿ ಮೂರು ನಾಲ್ಕು ವಾರ ಬೇಕು. ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಕೊಡಬೇಕು. ಎರಡನೇ ವಾರ ನೊಣ ಕಡಿಮೆಯಾಯಿತೆಂದು ನಿಲ್ಲಿಸಿ, ತಿಂಗಳ ಕೊನೆಗೆ ಮತ್ತೆ ಮೊದಲಿನಿಂದ ಆರಂಭಿಸಿದವರನ್ನು ನಾನು ಬಹಳ ಕಂಡಿದ್ದೇನೆ.

ಸ್ಟೈನರ್‌ನೆಮಾ ಫೆಲ್ಟಿಯೇ ಎಂಬ ಉಪಕಾರಿ ಜಂತುಹುಳುಗಳೂ ಇದಕ್ಕೆ ಒಳ್ಳೆಯವು. ಇವು ಜೀವಂತ ಪ್ರಾಣಿಗಳು ಎಂಬುದನ್ನು ನೆನಪಿಟ್ಟುಕೊಂಡು, ಬಳಸುವವರೆಗೆ ಫ್ರಿಜ್‌ನಲ್ಲಿಟ್ಟು, ಮಂದ ಬೆಳಕಿನಲ್ಲಿ, ತೇವವಿರುವ ಮಣ್ಣಿಗೆ, ನೀರನ್ನು ಕಲಕುತ್ತಾ ಹಾಕಬೇಕು. ಬಿಸಿಲೂ ಒಣಮಣ್ಣೂ ಇವನ್ನು ಕೊಲ್ಲುತ್ತವೆ.

ಎರಡನೆಯದು ಬೇರಿನ ಹಿಟ್ಟು ತಿಗಣೆ. ಇದನ್ನು ಗುರುತಿಸುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕುಂಡದ ಒಳಗೋಡೆಗೆ ಅಂಟಿದ್ದ ಬಿಳಿ ನೂಲನ್ನು ನಿರುಪದ್ರವಿ ಶಿಲೀಂಧ್ರವೆಂದು ನಂಬಿ ಎರಡು ತಿಂಗಳು ಸುಮ್ಮನಿದ್ದೆ. ಅಷ್ಟರಲ್ಲಿ ಒಂದೇ ತಟ್ಟೆಯಲ್ಲಿದ್ದ ಉಳಿದ ಕುಂಡಗಳಿಗೂ ತಳದ ರಂಧ್ರಗಳ ಮೂಲಕ ಅದು ಹಬ್ಬಿತ್ತು. ಶಿಲೀಂಧ್ರದ ಎಳೆ ಮಣ್ಣಿನೊಳಗೆ ಬಲೆಯಂತೆ ಹರಡುತ್ತದೆ. ತಿಗಣೆಯ ಮೇಣ ಅಲ್ಲಲ್ಲಿ ಹತ್ತಿಯ ಚುಕ್ಕೆಗಳಂತೆ ಗುಂಪಾಗಿರುತ್ತದೆ, ಅದರ ಮೇಲೆ ಬಿದ್ದ ನೀರಹನಿ ಇಂಗದೆ ಜಾರಿಹೋಗುತ್ತದೆ, ಒದ್ದೆ ಕುಂಚದಿಂದ ಸರಿಸಿ ಭೂತಕನ್ನಡಿ ಹಿಡಿದರೆ ಅಕ್ಕಿನುಚ್ಚಿನಷ್ಟು ಪುಟ್ಟ ದೇಹವೂ ಕಾಲುಗಳೂ ಕಾಣುತ್ತವೆ. ಮಣ್ಣಿಗೆ ಬೆರೆಸಿದ ಪರ್ಲೈಟ್ ಹರಳು ಕೂಡ ಬಿಳಿಯೇ, ಆದರೆ ಒತ್ತಿದರೆ ಗರಿಗರಿಯಾಗಿ ಪುಡಿಯಾಗುತ್ತದೆ.

ಮೇಣದ ಹೊದಿಕೆಯಿರುವುದರಿಂದ ಮಣ್ಣಿಗೆ ಸುರಿದ ದ್ರಾವಣ ತಿಗಣೆಗೆ ಸುಲಭವಾಗಿ ತಾಗುವುದಿಲ್ಲ. ಹಾಗಾಗಿ ಹಳೆಯ ಮಣ್ಣನ್ನೆಲ್ಲ ಉದುರಿಸಿ, ಹರಿಯುವ ಉಗುರುಬೆಚ್ಚಗಿನ ನೀರಿನಲ್ಲಿ ಬೇರನ್ನು ಮಣ್ಣಿನ ಕಣವೂ ಉಳಿಯದಂತೆ ತೊಳೆದು, ಸತ್ತ ಬೇರುಗಳನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡುವುದೇ ದಾರಿ. ಹಳೆಯ ಕುಂಡವನ್ನೇ ಬಳಸುವುದಾದರೆ ಬಿಸಿನೀರು ಮತ್ತು ಸೋಪಿನಿಂದ ಉಜ್ಜಬೇಕು. ಉದುರಿಸಿದ ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಲೇಬಾರದು. ಮೂರು ವಾರಗಳ ಬಳಿಕ ಮತ್ತೊಮ್ಮೆ ಹೊರತೆಗೆದು ನೋಡಬೇಕು, ಉಳಿದುಕೊಂಡ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಬೇರುಹೇನು ಇದಕ್ಕಿಂತ ಹಟಮಾರಿ. ಪೇರುಹಣ್ಣಿನ ಆಕಾರದ ಈ ಸಣ್ಣ ಹೇನುಗಳು ರಸ ಹೀರುತ್ತವೆ. ಹೆಣ್ಣು ಗಂಡಿನ ನೆರವಿಲ್ಲದೆ ಜೀವಂತ ಮರಿಗಳನ್ನೇ ಹಾಕುವುದರಿಂದ ಒಂದು ಉಳಿದರೂ ಮತ್ತೆ ಗುಂಪಾಗುತ್ತದೆ. ಸಂಖ್ಯೆ ಹೆಚ್ಚಿದಾಗ ರೆಕ್ಕೆಯವು ಹುಟ್ಟಿ ಬೇರೆ ಕುಂಡಕ್ಕೆ ಹಾರುತ್ತವೆ, ಅವನ್ನು ಶಿಲೀಂಧ್ರ ನೊಣವೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಅಂಟುಪಟ್ಟಿಗೆ ಸಿಕ್ಕಿದ್ದನ್ನು ಭೂತಕನ್ನಡಿಯಲ್ಲಿ ನೋಡಿ: ನೊಣಕ್ಕೆ ಒಂದೇ ಜೊತೆ ರೆಕ್ಕೆ, ಹೇನಿಗೆ ಎರಡು ಜೊತೆ. ಕುಂಡದ ತಳದಿಂದ ಇರುವೆಗಳು ಸಾಲಾಗಿ ಬಂದು ಹೋಗುತ್ತಿದ್ದರೆ ಹೇನು ಅಥವಾ ತಿಗಣೆ ಇದೆಯೆಂದು ಶಂಕಿಸಬೇಕು. ಅವು ಸುರಿಸುವ ಸಿಹಿರಸಕ್ಕಾಗಿ ಇರುವೆಗಳು ಅವನ್ನು ಕಾಯುತ್ತವೆ. ಆದ್ದರಿಂದ ಮೊದಲು ಇರುವೆಯನ್ನು ದೂರ ಮಾಡಿ, ಬೇರು ತೊಳೆದು ಮರುನೆಟ್ಟು, ಬಳಿಕ ಕೀಟಗಳನ್ನು ಕೊಲ್ಲುವ ಬ್ಯೂವೇರಿಯಾ ಬೇಸಿಯಾನಾ ಎಂಬ ಶಿಲೀಂಧ್ರವನ್ನಾಗಲಿ ಬೇವಿನ ಅಜಾಡಿರಾಕ್ಟಿನ್ ದ್ರಾವಣವನ್ನಾಗಲಿ ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಮಣ್ಣಿಗೆ ಕೊಡಬೇಕು. ತಿನ್ನುವ ಅಥವಾ ಔಷಧಿಗೆ ಬಳಸುವ ಗಿಡವಾದರೆ ಅಂಥ ಬೆಳೆಗೆ ಅನುಮತಿಯಿರುವ ಉತ್ಪನ್ನವನ್ನೇ ಆರಿಸಬೇಕು. ಯಾವುದನ್ನೇ ಆಗಲಿ ಮೊದಲು ಒಂದು ಗಿಡಕ್ಕೆ ಹಾಕಿ, ಕೆಲವು ದಿನ ಕಾದು ನೋಡುವುದು ಕ್ಷೇಮ.

ಬೇರಿನಲ್ಲಿ ಮಣಿಮಣಿಯಾದ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಅವರೆ, ಹೆಸರು ಮುಂತಾದ ದ್ವಿದಳ ಗಿಡಗಳಲ್ಲಿ ಸಾರಜನಕ ಕೂಡಿಡುವ ಉಪಯುಕ್ತ ಗಂಟುಗಳೂ ಇರುತ್ತವೆ, ಅವು ಉಗುರಿನಿಂದ ತಿಕ್ಕಿದರೆ ಕಳಚಿಬರುತ್ತವೆ; ರೋಗದ ಗಂಟಾದರೆ ಬೇರೇ ಉಬ್ಬಿರುವುದರಿಂದ ಕಳಚುವುದಿಲ್ಲ. ಮನೆಯೊಳಗೆ ಇದಕ್ಕೆ ಚಿಕಿತ್ಸೆ ಮಾಡುತ್ತಾ ಕೂರುವುದನ್ನು ನಾನು ಒಪ್ಪುವುದಿಲ್ಲ. ಗಿಡ ಅಪರೂಪದ್ದಾಗಿದ್ದರೆ ಮಣ್ಣಿಗೆ ತಾಗದ ಮೇಲಿನ ಕಾಂಡದಿಂದ ತುಂಡು ಕತ್ತರಿಸಿ ಹೊಸದಾಗಿ ಬೇರು ಬರಿಸಿಕೊಂಡು, ಹಳೆಯ ಗಿಡವನ್ನು ಮಣ್ಣಿನ ಸಮೇತ ಚೀಲ ಕಟ್ಟಿ ಬಿಸಾಡಬೇಕು.

ನೀರು ಹಾಕಿದಾಗ ಮಣ್ಣಿನ ಮೇಲೆ ಚಿಮ್ಮುವ ಬಿಳಿ ಜಿಗಿಹುಳುಗಳು ಕೊಳೆತದ್ದನ್ನು ತಿಂದು ಬದುಕುತ್ತವೆ, ಅವುಗಳಿಗೆ ಔಷಧ ಬೇಡ.

ಹೊಸ ಗಿಡ ಬಂದರೆ ನಾಲ್ಕು ವಾರ ಬೇರೆ ಕೋಣೆಯಲ್ಲಿ, ಬೇರೆ ತಟ್ಟೆಯಲ್ಲಿ ಇರಿಸಿ, ಬಂದ ದಿನವೇ ಬೇರನ್ನು ನೋಡಬೇಕು. ಮಣ್ಣಿನ ಮಿಶ್ರಣದ ಚೀಲವನ್ನು ತೆರೆದಿಡಬಾರದು. ಶಿಲೀಂಧ್ರ ನೊಣ ಅನೇಕ ಬಾರಿ ಅದರಲ್ಲೇ ಮನೆಗೆ ಬರುತ್ತದೆ. ಅನುಮಾನವಿದ್ದರೆ ಮಿಶ್ರಣವನ್ನು ತೇವಗೊಳಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಹಬೆಯಾಡಿಸಿ, ಪೂರ್ತಿ ಆರಿದ ಮೇಲೆ ಬಳಸಬಹುದು. ಅತಿಯಾಗಿ ಕಾಯಿಸಿದರೆ ಮಣ್ಣಿನಲ್ಲಿ ಗಿಡಕ್ಕೆ ಹಾನಿಕರವಾದ ವಸ್ತುಗಳು ಬಿಡುಗಡೆಯಾಗುತ್ತವೆ. ಚಿಕಿತ್ಸೆ ಪಡೆದ ಕುಂಡದ ಅಂಟುಪಟ್ಟಿ ನಾಲ್ಕು ವಾರ ಖಾಲಿಯಾಗಿಯೇ ಉಳಿದು, ಆಲೂಗಡ್ಡೆಯ ಬಿಲ್ಲೆಯ ಅಡಿಯಲ್ಲಿ ಏನೂ ಕಾಣದೆ, ಬೇರಿನ ತುದಿಗಳಲ್ಲಿ ಹೊಸ ಬಿಳಿ ಚಿಗುರು ಕಂಡಾಗ ಆ ಗಿಡವನ್ನು ಉಳಿದವುಗಳ ಜೊತೆಗೆ ಸೇರಿಸಬಹುದು.